1,200 ರೂಪಾಯಿಯ ಹೆಡ್ ಟ್ರ್ಯಾಕರ್: ನನ್ನ ಅನುಭವ

ಹೆಡ್ ಟ್ರ್ಯಾಕರ್ ಅಂದರೆ ನಾವು ತಲೆ ತಿರುಗಿಸಿದಂತೆ ಕಂಪ್ಯೂಟರ್ ಆಟದೊಳಗಿನ ನೋಟವನ್ನೂ ತಿರುಗಿಸುವ ಸಾಧನ. ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ರನ್‌ವೇ 26ಕ್ಕೆ ಇಳಿಯಲು ಎಡಗಡೆ ಸರ್ಕ್ಯೂಟ್ (ಸುತ್ತು) ಹಾಕುವಾಗ ಕುತ್ತಿಗೆ ತಿರುಗಿಸಿ ರನ್‌ವೇ ನೋಡಬೇಕು. ಜಾಯ್‌ಸ್ಟಿಕ್ ಮೇಲಿನ ಹ್ಯಾಟ್ ಸ್ವಿಚ್ ಒತ್ತಿ ನೋಡುವುದು ನನಗೆ ಒಗ್ಗಲೇ ಇಲ್ಲ. ಟ್ರ್ಯಾಕ್‌ಐಆರ್ ಎಂಬ ರೆಡಿಮೇಡ್ ಹೆಡ್ ಟ್ರ್ಯಾಕರ್ ತರಿಸೋಣ ಅಂದರೆ ಸುಂಕ, ಕೊರಿಯರ್ ಎಲ್ಲ ಸೇರಿ 20,000 ದಾಟುತ್ತಿತ್ತು. "ಮನ್ಯಾಗ ಮಾಡೂದು ಆಗೂದಲ್ಲ ಬಿಡೋ" ಎಂದು ಶಹಾಪುರದ ಗೆಳೆಯರು ನಕ್ಕರು. ಈಗ ಅವರೇ ನಾನು ಮಾಡಿದ, ತಲೆಗೆ ಸಿಕ್ಕಿಸುವ ಕ್ಲಿಪ್ ಕೇಳುತ್ತಿದ್ದಾರೆ.

ಮೊದಲು ಪುಕ್ಕಟೆ ದಾರಿ ನೋಡಿದೆ. ಓಪನ್‌ಟ್ರ್ಯಾಕ್ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನ ನ್ಯೂರಲ್‌ನೆಟ್ ಆಯ್ಕೆ ವೆಬ್‌ಕ್ಯಾಮ್‌ನಿಂದ ಚೆನ್ನಾಗಿಯೇ ಮುಖ ಹಿಡಿಯುತ್ತದೆ, ಆದರೆ ನನ್ನ ಹಳೇ ಐ3 ಪ್ರೊಸೆಸರ್‌ನಲ್ಲಿ ಆಟವೇ ಕುಂಟುತ್ತಿತ್ತು. ರಾತ್ರಿ ಬೆಳಕು ಕಡಿಮೆಯಾದರೆ ವೆಬ್‌ಕ್ಯಾಮ್ ಸೆಕೆಂಡಿಗೆ 30 ಫ್ರೇಮ್‌ನಿಂದ 15ಕ್ಕೆ ಇಳಿಯುತ್ತಿತ್ತು. ಒಳ್ಳೆ ಪ್ರೊಸೆಸರ್ ಇದ್ದವರಿಗೆ ಇಷ್ಟೇ ಸಾಕು, ಸುಮ್ನೆ ಖರ್ಚು ಮಾಡಬೇಡಿ. ಫೋನ್ ಆ್ಯಪ್‌ನಿಂದ ತಲೆಯ ಚಲನೆಯನ್ನು ನೆಟ್‌ವರ್ಕ್ ಮೂಲಕ (ಯುಡಿಪಿ) ಕಂಪ್ಯೂಟರ್‌ಗೆ ಕಳಿಸುವುದೂ ನಡೆಯಿತು. ಆದರೆ ಫೋನ್ ಬಿಸಿಯಾಗುತ್ತದೆ, ಲ್ಯಾಂಡಿಂಗ್ ಹೊತ್ತಿಗೇ ಯಾರಾದರೂ ಕರೆ ಮಾಡುತ್ತಾರೆ.

ಕೊನೆಗೆ ಬೇರೆ ದಾರಿ ಹಿಡಿದೆ: ತಲೆಗೆ ಸಿಕ್ಕಿಸಿದ ಎಲ್‌ಇಡಿಗಳಿಂದ ಕಣ್ಣಿಗೆ ಕಾಣದ ಐಆರ್ (ಇನ್‌ಫ್ರಾರೆಡ್) ಬೆಳಕು ಬರುತ್ತದೆ, ಆ ಚುಕ್ಕೆಗಳನ್ನು ಕ್ಯಾಮೆರಾ ಹಿಂಬಾಲಿಸುತ್ತದೆ. ಅದಕ್ಕೆ ಸೆಕೆಂಡ್ ಹ್ಯಾಂಡ್ ಪಿಎಸ್3 ಐ (ಪ್ಲೇಸ್ಟೇಷನ್ 3ರ) ಕ್ಯಾಮೆರಾ ಸಿಕ್ಕಿತು, 800 ರೂಪಾಯಿ ಇರಬೇಕು. 640×480ರಲ್ಲಿ ಸೆಕೆಂಡಿಗೆ 60 ಫ್ರೇಮ್ ಕೊಡುತ್ತದೆ. ಕ್ಯಾಮೆರಾಗೆ ಐಆರ್ ಕಾಣಬೇಕಾದರೆ ಲೆನ್ಸ್ ಹಿಂದಿನ ಐಆರ್ ತಡೆಯುವ ಗಾಜು ತೆಗೆಯಬೇಕು. ತಲೆನೋವು ಬಂದದ್ದು ಮಾಮೂಲಿ ಬೆಳಕು ತಡೆದು ಐಆರ್ ಮಾತ್ರ ಬಿಡುವ ಫಿಲ್ಮ್‌ನಲ್ಲಿ. ಮನೆಯ ಹಳೇ ಎಕ್ಸ್‌ರೇಯ ಕಪ್ಪು ಭಾಗ ಕತ್ತರಿಸಿ ಹಾಕಿದೆ. ಎಲ್‌ಇಡಿಯೇ ಕಾಣಲಿಲ್ಲ! ಎಕ್ಸ್‌ರೇಯ ಕಪ್ಪು ಬೆಳ್ಳಿಯದು, ಅದು ಐಆರ್‌ ಅನ್ನೂ ತಡೆಯುತ್ತದೆ. ಕಲರ್ ನೆಗೆಟಿವ್‌ನ ಕಪ್ಪು ಬರೀ ಬಣ್ಣ, ಐಆರ್ ಒಳಗೆ ಬಿಡುತ್ತದೆ. ಖಡೇಬಜಾರ್ ಕಡೆಯ ಒಂದು ಹಳೇ ಸ್ಟುಡಿಯೋದಲ್ಲಿ ಕಲರ್ ರೋಲ್‌ನ ಬೆಳಕು ಬಿದ್ದು ಕಪ್ಪಾದ ತುದಿ ಪುಕ್ಕಟೆ ಕೊಟ್ಟರು. ಎರಡು ಪದರ ಹಾಕಿದೆ. ಫ್ಲಾಪಿಯೊಳಗಿನ ಡಿಸ್ಕ್ ಕೂಡ ಹಾಕಿ ನೋಡಿದೆ, ನಡೆಯುತ್ತದೆ, ಆದರೆ ಚುಕ್ಕೆ ಮಂಕು.

ಕ್ಲಿಪ್‌ಗೆ 940 ನ್ಯಾನೋಮೀಟರ್‌ನ ಮೂರು ಎಲ್‌ಇಡಿ ಸೀರೀಸ್‌ನಲ್ಲಿ, 22 ಓಮ್ ರೆಸಿಸ್ಟರ್, ಕೆಟ್ಟ ಮೌಸ್‌ನ ಯುಎಸ್‌ಬಿ ವೈರು. ಉರಿಯುತ್ತಿದೆಯೋ ಇಲ್ಲವೋ ಅಂತ ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿಕೊಳ್ಳಿ. ತಲೆ ಸ್ವಲ್ಪ ತಿರುಗಿದರೂ ಚುಕ್ಕೆ ಮಾಯವಾಗುತ್ತಿತ್ತು. ಎಲ್‌ಇಡಿಯ ಗುಂಡು ತಲೆಯನ್ನು ಪಾಲಿಶ್ ಪೇಪರ್‌ನಿಂದ ಚಪ್ಪಟೆ ತಿಕ್ಕಿದೆ. ಬೆಳಕು ಅಗಲಕ್ಕೆ ಹರಡಿತು, ಅಲ್ಲಿಗೆ ಆ ಕಾಟ ಮುಗಿಯಿತು. ಎಲ್ಲ ಸೇರಿ 1,200 ಆಗಿರಬಹುದು, ಕೆಡಿಸಿದ ಎಲ್‌ಇಡಿ ಲೆಕ್ಕ ಬಿಟ್ಟು.

ನಡುವೆ ಟೋಪಿಗೆ ರಿಫ್ಲೆಕ್ಟರ್ ಟೇಪ್ ಅಂಟಿಸಿ, ಕ್ಯಾಮೆರಾ ಸುತ್ತ ಎಲ್‌ಇಡಿ ಇಟ್ಟೂ ನೋಡಿದೆ. ತಲೆಗೆ ವೈರು ಬೇಡ ಅನ್ನುವುದೇನೋ ನಿಜ. ಆದರೆ ನನ್ನ ಕನ್ನಡಕವೂ ಹೊಳೆದು ನಾಲ್ಕನೇ ಚುಕ್ಕೆಯಾಯಿತು.

ಪಡುವಣ ಕಿಟಕಿಯ ಬಿಸಿಲು ಇನ್ನೊಂದು ಶತ್ರು, ಅದರಲ್ಲೂ ಐಆರ್ ಇದೆ. ಸಂಜೆ ದಪ್ಪ ಪರದೆ ಎಳೆಯಲೇಬೇಕು, ಥ್ರೆಶೋಲ್ಡ್ (ಎಷ್ಟು ಹೊಳೆದರೆ ಚುಕ್ಕೆ ಎಂದು ಎಣಿಸಬೇಕು ಅನ್ನುವ ಮಿತಿ) ಎಷ್ಟು ಏರಿಸಿದರೂ ಬಗ್ಗುವುದಿಲ್ಲ.

ಓಪನ್‌ಟ್ರ್ಯಾಕ್‌ನಲ್ಲಿ ಚುಕ್ಕೆ ಹಿಂಬಾಲಿಸುವ ಪಾಯಿಂಟ್‌ಟ್ರ್ಯಾಕರ್ ಆರಿಸಿ, ಕ್ಲಿಪ್‌ನ ಅಳತೆ ಮಿಲಿಮೀಟರ್‌ನಲ್ಲಿ ಸರಿಯಾಗಿ ಕೊಡಿ. ನಡುಕ ತಗ್ಗಿಸುವ ಫಿಲ್ಟರ್ ಆಕ್ಸೆಲಾ. ನಡುವೆ ಸ್ವಲ್ಪ ಡೆಡ್‌ಝೋನ್ (ತಲೆ ಅಲುಗಿದರೂ ನೋಟ ಅಲುಗದ ಜಾಗ) ಇರಲಿ, ಇಲ್ಲದಿದ್ದರೆ ಉಸಿರಾಡಿದರೂ ಕಾಕ್‌ಪಿಟ್ ಅಲುಗುತ್ತದೆ. ತಲೆ ಎಡಬಲಕ್ಕೆ ತಿರುಗಿದಾಗ ನೋಟ ಎಷ್ಟು ತಿರುಗಬೇಕು ಅನ್ನುವ 'ಯಾ' (yaw) ಕರ್ವ್ ಮಾತ್ರ ಕೊಡುವುದಿಲ್ಲ, ಅದಕ್ಕೆ ನಾನು ಸುಮಾರು ರಾತ್ರಿ ಕೂತಿದ್ದೇನೆ. ಲಾರಿ ಓಡಿಸುವ ಯೂರೋ ಟ್ರಕ್ ಆಟಕ್ಕೆ ಬೇರೆ ಪ್ರೊಫೈಲ್ ಮಾಡಿಕೊಳ್ಳಿ. ಅಲ್ಲಿ ಕನ್ನಡಿ ನೋಡಿದರೆ ಸಾಕು, ಹಿಂದೆ ಮುಂದೆ ಸರಿಯುವ ಝಡ್ ಆಫ್ ಮಾಡಿದರೂ ಏನೂ ಕಳೆದುಕೊಳ್ಳುವುದಿಲ್ಲ.