ರಿಮೋಟ್ ಸರ್ವಿಸ್ ಕಲಿಸುವಾಗ ನೆಟ್‌ವರ್ಕ್ ಆಮೇಲೆ ತನ್ನಿ
ಓಎಸ್‌ಜಿಐ (ಜಾವಾ ಪ್ರೋಗ್ರಾಮನ್ನು ಬಂಡಲ್ ಎಂಬ ತುಂಡುಗಳಾಗಿ ಕಟ್ಟುವ ವ್ಯವಸ್ಥೆ) ರಿಮೋಟ್ ಸರ್ವಿಸ್, ಅಂದರೆ ಇನ್ನೊಂದು ಜೆವಿಎಂನಿಂದ (ಜಾವಾ ಕೋಡ್ ಓಡಿಸುವ ವರ್ಚುವಲ್ ಮಷೀನ್) ಕರೆಯಬಹುದಾದ ಸರ್ವಿಸ್, ಬಗ್ಗೆ ಹೊಸಬರಿಗಾಗಿ ಬರೆಯುವಾಗ ಮೊದಲ ಉದಾಹರಣೆಯನ್ನು ಒಂದೇ ಜೆವಿಎಂ ಒಳಗೆ ಓಡಿಸಿ ತೋರಿಸಿ. ಆಮೇಲೆ ಅದೇ ಸರ್ವಿಸ್‌ಗೆ, ಯಾವ ಇಂಟರ್‌ಫೇಸ್ ಹೊರಗೆ ಸಿಗಬೇಕು ಅಂತ ಹೇಳುವ ‘ಸರ್ವಿಸ್.ಎಕ್ಸ್‌ಪೋರ್ಟೆಡ್.ಇಂಟರ್‌ಫೇಸಸ್’ ಪ್ರಾಪರ್ಟಿ ಸೇರಿಸಿ, ಎರಡೂ ಕಡೆ ಡಿಸ್ಟ್ರಿಬ್ಯೂಷನ್ ಪ್ರೊವೈಡರ್ (ಕರೆಗಳನ್ನು ನೆಟ್‌ವರ್ಕ್ ಮೂಲಕ ಸಾಗಿಸುವ ಭಾಗ) ಹಾಕಿ, ಬಳಸುವ ಬಂಡಲನ್ನು ಇನ್ನೊಂದು ಜೆವಿಎಂಗೆ ಸಾಗಿಸಿ. ಆ ಬಂಡಲ್‌ನ ಕೋಡ್ ಸಾಮಾನ್ಯವಾಗಿ ಹಾಗೇ ಇರುತ್ತದೆ. ಹಾಗಾಗಿ ಕೈಕೊಟ್ಟರೆ ಮೊದಲು ಹೊಸದಾಗಿ ಸೇರಿಸಿದ ಭಾಗದಲ್ಲೇ ಹುಡುಕಬೇಕು ಅಂತ ಓದುಗರಿಗೇ ಗೊತ್ತಾಗುತ್ತದೆ, ಅಲ್ವಾ? ಆದರೆ ಮೆಥಡ್‌ಗೆ ಕೊಟ್ಟ ಆಬ್ಜೆಕ್ಟನ್ನೇ ತಿದ್ದುವ ಸರ್ವಿಸ್‌ಗೆ ಈ ದಾರಿ ಹೊಂದುವುದಿಲ್ಲ. ರಿಮೋಟ್ ಆದಾಗ ಸಾಮಾನ್ಯವಾಗಿ ಹೋಗುವುದು ಆ ಆಬ್ಜೆಕ್ಟ್‌ನ ನಕಲು. ತಿದ್ದಿದ್ದು ವಾಪಸ್ ಬರುವುದಿಲ್ಲ, ಎರರ್ ಕೂಡ ಕಾಣುವುದಿಲ್ಲ. ಇದನ್ನು ದಯವಿಟ್ಟು ಮೊದಲ ಪುಟದಲ್ಲೇ ಬರೆಯಿರಿ, ಇಲ್ಲದಿದ್ದರೆ ಹೊಸಬರು ಸುಮ್ನೆ ಒದ್ದಾಡುತ್ತಾರೆ. ನೆಟ್‌ವರ್ಕ್ ಕಡಿದರೆ ‘ಸರ್ವಿಸ್ ಎಕ್ಸೆಪ್ಷನ್’ ಬರುತ್ತದೆ. ಅದನ್ನು ಹಿಡಿಯುವ ಕೋಡನ್ನೂ ಉದಾಹರಣೆಯಲ್ಲೇ ಸೇರಿಸಿ.