ಜೊತೆಗಾರರಿಲ್ಲದೆ ಹವಳದ ದ್ವೀಪಗಳಿಗೆ: ಲಕ್ಷದ್ವೀಪದ ಹಡಗು ಹತ್ತುವುದು ಹೇಗೆ?

ಕ್ರೂಸ್ ಕಂಪನಿಗಳು ಕೋಣೆಯ ದರ ಕಟ್ಟುವುದೇ ಇಬ್ಬರು ಬರುತ್ತಾರೆ ಎಂಬ ಲೆಕ್ಕದಲ್ಲಿ. ಒಬ್ಬರೇ ಹೋದರೆ ಪಕ್ಕದ ಖಾಲಿ ಹಾಸಿಗೆಯ ದುಡ್ಡನ್ನೂ ಬಹುಪಾಲು ನೀವೇ ತೆರಬೇಕು, ಎಷ್ಟೋ ಕಡೆ ಅದು ಹೆಚ್ಚೂಕಡಿಮೆ ಎರಡು ಪಟ್ಟಾಗುತ್ತದೆ. ಅಷ್ಟು ಕಟ್ಟಿ ಹೊರಟರೂ ಜೋಡಿಗಳ, ಸಂಸಾರಗಳ ನಡುವೆ ಒಂದು ಕುರ್ಚಿ ಎಳೆದುಕೊಂಡು ಊಟಕ್ಕೆ ಕೂರುವುದು ಎಲ್ಲರಿಗೂ ಒಗ್ಗುವುದಿಲ್ಲ. ಹಾಗಾಗಿ ದ್ವೀಪಗಳನ್ನು ಹಡಗಿನಲ್ಲೇ ಸುತ್ತಬೇಕು, ಜೊತೆಗೆ ಬರುವವರು ಯಾರೂ ಇಲ್ಲ ಎನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಲಕ್ಷದ್ವೀಪ. ಅದರಲ್ಲೂ ಕೊಚ್ಚಿಯಿಂದ ಹೊರಡುವ ‘ಸಮುದ್ರಂ’ ಪ್ಯಾಕೇಜ್.

ಇದನ್ನು ನಡೆಸುವುದು ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆ. ಅದರ ಉದ್ದನೆಯ ಇಂಗ್ಲಿಷ್ ಹೆಸರನ್ನು ಎಲ್ಲರೂ ಚಿಕ್ಕದಾಗಿ ‘ಸ್ಪೋರ್ಟ್ಸ್’ ಎಂದೇ ಕರೆಯುತ್ತಾರೆ. ಹಡಗು ‘ಎಂ.ವಿ. ಕವರತ್ತಿ’, ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ್ದು, 700 ಪ್ರಯಾಣಿಕರನ್ನು ಹೊರಬಲ್ಲದು. ಐದು ದಿನದ ಪ್ರವಾಸದಲ್ಲಿ ಮೊದಲ ದಿನ ಕೊಚ್ಚಿ ಬಿಡುವುದು, ನಡುವಿನ ಮೂರು ದಿನ ಕವರತ್ತಿ, ಕಲ್ಪೇನಿ, ಮಿನಿಕಾಯ್, ಐದನೆಯ ದಿನ ಮರಳಿ ಕೊಚ್ಚಿ. ಹಗಲು ದ್ವೀಪದಲ್ಲಿ, ಮಧ್ಯಾಹ್ನದ ಊಟವೂ ಅಲ್ಲೇ. ರಾತ್ರಿ ಹಡಗಿನಲ್ಲಿ. ದರ ತಲೆಗಿಷ್ಟು ಎಂದಿರುವುದರಿಂದ ಒಬ್ಬರೇ ಬಂದವರಿಗೆ ದಂಡ ಬೀಳುವುದಿಲ್ಲ. ಐಷಾರಾಮಿ ಕ್ರೂಸ್‌ನ ವೈಭವವನ್ನು ಇಲ್ಲಿ ಹುಡುಕಬೇಡಿ. ಈ ಹಡಗುಗಳು ಮೊದಲಿಗೆ ದ್ವೀಪದವರ ಬಸ್ಸು. ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ ಹೋಗಿಬರುವ ಜನ ನಿಮ್ಮ ಪಕ್ಕದ ಡೆಕ್ಕಿನಲ್ಲೇ ಇರುತ್ತಾರೆ. ಒಂಟಿ ಪ್ರವಾಸಿಗೆ ಇದರಷ್ಟು ಒಳ್ಳೆಯ ಸಂಗತಿ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

1. ಮೊದಲು ತಿಂಗಳು, ಆಮೇಲೆ ರಜೆ

ಮೇ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲು. ಆಗ ಹೋಗುವ ಮಾತೇ ಬೇಡ. ಅಕ್ಟೋಬರ್‌ನಿಂದ ಋತು ಆರಂಭ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನೀರು ಹೆಚ್ಚು ಶಾಂತ. ಹಡಗು ಹೊರಡುವ ದಿನಾಂಕಗಳು ಬದಲಾಗುತ್ತಿರುತ್ತವೆ. ಆದ್ದರಿಂದ ಆಫೀಸಿನಲ್ಲಿ ರಜೆ ಹಾಕಿ ಆಮೇಲೆ ಹಡಗು ಹುಡುಕುವ ಬದಲು, ಪ್ರವಾಸೋದ್ಯಮ ಇಲಾಖೆಯ ವೇಳಾಪಟ್ಟಿ ನೋಡಿ ಅದಕ್ಕೆ ರಜೆಯನ್ನು ಹೊಂದಿಸಿಕೊಳ್ಳಿ.

2. ಕಾಗದಪತ್ರ: ಇಲ್ಲಿ ಸಡಿಲ ಬಿಟ್ಟರೆ ಹಡಗು ತಪ್ಪಿದಂತೆ

ಲಕ್ಷದ್ವೀಪಕ್ಕೆ ಹೋಗಲು ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. 1967ರ ನಿಯಮಗಳ ಪ್ರಕಾರ ದ್ವೀಪದವರಲ್ಲದವರು ಪರ್ಮಿಟ್ ಇಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ಇದರಿಂದ ಸಿಡಿಮಿಡಿಗೊಳ್ಳುವವರು ಇದ್ದಾರೆ. ಆದರೆ ಹತ್ತೇ ದ್ವೀಪಗಳಲ್ಲಿ ಜನವಸತಿ, ಒಟ್ಟು ನೆಲ ಕೇವಲ 32 ಚದರ ಕಿಲೋಮೀಟರ್. ನೆಲದಡಿಯ ನೀರಂತೂ ಮರಳಿನೊಳಗೆ ಉಪ್ಪುನೀರಿನ ಮೇಲೆ ತೇಲುವ ತೆಳ್ಳನೆಯ ಸಿಹಿನೀರಿನ ಪದರ. ಇಂಥ ಕಡೆ ಬಂದವರ ಲೆಕ್ಕ ಇಡದೆ ನಡೆಯುವುದಿಲ್ಲ.

ಪರ್ಮಿಟ್‌ಗೆ ಬೇಕಾದ ಮುಖ್ಯ ದಾಖಲೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್. ಕರ್ನಾಟಕದಲ್ಲಿ ಇರುವವರು ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಅರ್ಜಿ ನಿಮ್ಮ ವಿಳಾಸದ ಠಾಣೆಗೆ ಹೋಗಿ ಅಲ್ಲಿಂದ ಪರಿಶೀಲನೆ ನಡೆಯುತ್ತದೆ. ಆಧಾರ್‌ನಲ್ಲಿ ಒಂದು ಊರು, ವಾಸ ಇನ್ನೊಂದು ಊರು ಎಂದಿದ್ದರೆ ಇಲ್ಲೇ ತಡವಾಗುವುದು. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿರುವವರು ಇದನ್ನು ಮೊದಲೇ ಯೋಚಿಸಿ, ಹೊರಡುವ ಎರಡು ತಿಂಗಳ ಮುಂಚೆ ಕೈಹಾಕುವುದು ಕ್ಷೇಮ. ಸರ್ಟಿಫಿಕೇಟ್, ಫೋಟೊ, ಗುರುತಿನ ಚೀಟಿಯನ್ನು ಬುಕಿಂಗ್ ಜೊತೆ ಕಳಿಸಿದರೆ ಪರ್ಮಿಟ್ ಕೆಲಸ ಪ್ಯಾಕೇಜ್ ನಡೆಸುವವರ ಮೂಲಕವೇ ಮುಗಿಯುತ್ತದೆ. ವಿದೇಶಿ ಪಾಸ್‌ಪೋರ್ಟ್ ಇರುವವರಿಗೆ ನಿಯಮ ಬೇರೆ, ಎಲ್ಲ ದ್ವೀಪಗಳಿಗೂ ಪ್ರವೇಶವಿಲ್ಲ. ಅಮೆರಿಕದಿಂದ ಬರುವ ಅಣ್ಣನನ್ನೂ ಸೇರಿಸಿಕೊಳ್ಳುವ ಆಲೋಚನೆ ಇದ್ದರೆ ಮೊದಲು ಕೇಳಿ ತಿಳಿದುಕೊಳ್ಳಿ.

ಬುಕಿಂಗ್ ಅನ್ನು ಸ್ಪೋರ್ಟ್ಸ್‌ನಲ್ಲಿ ನೇರವಾಗಿ ಮಾಡಿ, ಇಲ್ಲವೇ ಅದರ ಅಧಿಕೃತ ಏಜೆಂಟರ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ ಮಾಡಿ. ಕೊಚ್ಚಿಯ ವಿಲಿಂಗ್ಡನ್ ದ್ವೀಪದಲ್ಲಿ ಲಕ್ಷದ್ವೀಪ ಆಡಳಿತದ ಕಚೇರಿ ಇದೆ.

3. ಕ್ಯಾಬಿನ್: ಯಾರ ಜೊತೆ ಮಲಗುತ್ತೀರಿ ಎಂದು ಕೇಳಲು ನಾಚಬೇಡಿ

ಲಕ್ಷದ್ವೀಪದ ಹಡಗುಗಳಲ್ಲಿ ಸಾಮಾನ್ಯವಾಗಿ ಇಬ್ಬರ ಕ್ಯಾಬಿನ್, ನಾಲ್ವರ ಕ್ಯಾಬಿನ್, ಸಾಲುಸಾಲು ಬಂಕ್ ಎಂದು ವಿಂಗಡಣೆ. ಪ್ರವಾಸಿ ಪ್ಯಾಕೇಜ್‌ನಲ್ಲಿ ಸಿಗುವುದು ಕ್ಯಾಬಿನ್. ಒಬ್ಬರೇ ಬಂದರೆ ಅಪರಿಚಿತರೊಡನೆ ಹಂಚಿಕೊಳ್ಳಬೇಕಾಗಬಹುದು ಎಂದು ಮನಸ್ಸನ್ನು ಸಿದ್ಧಮಾಡಿಕೊಂಡೇ ಹೊರಡಿ.

ಎಲ್ಲರೂ ದುಬಾರಿ ದರ್ಜೆಯನ್ನೇ ಆರಿಸಲು ಹೇಳುತ್ತಾರೆ. ನನಗೆ ನಾಲ್ವರ ಕ್ಯಾಬಿನ್ನೇ ಮೇಲು ಅನಿಸುತ್ತದೆ. ಇಬ್ಬರ ಕೋಣೆಯಲ್ಲಿ ಇನ್ನೊಬ್ಬರಿಗೂ ನಿಮಗೂ ಹೊಂದಲಿಲ್ಲವೆಂದರೆ ನಾಲ್ಕು ರಾತ್ರಿ ಬಿಗುವಿನಲ್ಲೇ ಕಳೆಯಬೇಕು. ನಾಲ್ವರಿದ್ದರೆ ಒಬ್ಬರಾದರೂ ಮಾತಿಗೆ ಸಿಗುತ್ತಾರೆ. ಗೊರಕೆಯ ಭಯ ಇರುವವರು ಹತ್ತಿಯ ಬದಲು ಔಷಧಿ ಅಂಗಡಿಯ ಇಯರ್‌ಪ್ಲಗ್ ಒಯ್ಯಲಿ.

ಹೆಣ್ಣುಮಕ್ಕಳು ಬುಕಿಂಗ್ ಹೊತ್ತಿನಲ್ಲೇ ಇಮೇಲ್‌ನಲ್ಲಿ ಎರಡು ಪ್ರಶ್ನೆ ಕೇಳಿ: ಕ್ಯಾಬಿನ್‌ನಲ್ಲಿ ಹೆಂಗಸರು ಮಾತ್ರ ಇರುತ್ತಾರೆಯೇ? ಹಾಗಾಗದಿದ್ದರೆ ಹಡಗಿನಲ್ಲಿ ಬದಲಾಯಿಸಿಕೊಡುವವರು ಯಾರು? ಉತ್ತರ ಬರಹದಲ್ಲಿ ಬಂದ ಮೇಲೆ ದುಡ್ಡು ಕಟ್ಟಿ. ಫೋನಿನಲ್ಲಿ ‘ಆಗುತ್ತೆ ಮೇಡಂ’ ಎಂದದ್ದು ಲೆಕ್ಕಕ್ಕಿಲ್ಲ.

4. ಕೊಚ್ಚಿಗೆ ಒಂದು ದಿನ ಮುಂಚೆ

ಮಂಗಳೂರಿನಿಂದಲೂ ಬೆಂಗಳೂರಿನಿಂದಲೂ ಎರ್ನಾಕುಳಂಗೆ ನೇರ ರೈಲುಗಳಿವೆ. ಹಡಗು ಹೊರಡುವ ದಿನವೇ ತಲುಪುವ ರೈಲು ಹಿಡಿಯಬೇಡಿ. ಬಂದರಿನಲ್ಲಿ ತಪಾಸಣೆ, ಸಾಮಾನು ಪರೀಕ್ಷೆ ಮುಗಿಸಿ ಹತ್ತಬೇಕು, ತಡವಾಗಿ ಬಂದವರಿಗೆ ಕಾಯುವ ವಾಹನವಲ್ಲ ಇದು.

ಮಂಗಳೂರಿನಿಂದಲೇ ಹಡಗು ಇಲ್ಲವೇ ಎಂದು ಕರಾವಳಿಯವರು ಕೇಳುವುದು ಸಹಜ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಸೇರಿದ ಅಮಿನಿದಿವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕು ದೋಣಿಗಳು ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೇರಿಕೊಂಡು ದ್ವೀಪಗಳಿಗೆ ಹೋಗುತ್ತವೆ. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ಪ್ರಯಾಣಿಕರನ್ನು ಕರೆದುಕೊಂಡು ಮಂಗಳೂರಿಗೆ ಬಂದಾಗ ಇಲ್ಲಿ ಸಂಭ್ರಮವೇ ಆಗಿತ್ತು. ಆದರೂ ಪ್ರವಾಸದ ಯೋಜನೆಯನ್ನು ಅದರ ಮೇಲೆ ಕಟ್ಟಬೇಡಿ, ಸಮುದ್ರಂ ಹೊರಡುವುದು ಕೊಚ್ಚಿಯಿಂದ.

5. ಚೀಲದಲ್ಲಿ ಏನಿರಲಿ

ಒಂದೇ ಕೈಯಲ್ಲಿ ಎತ್ತಲಾಗುವಷ್ಟು ಮಾತ್ರ. ಇನ್ನೊಂದು ಕೈ ಹಿಡಿಕೆಗೆ ಬೇಕು, ಕಾರಣ ಮುಂದೆ ಹೇಳುತ್ತೇನೆ. ಹಗಲಿಗೆ ಬೇಕಾದ್ದನ್ನು ಇಡಲು ಬೆನ್ನಿಗೆ ಹಾಕುವ ಪುಟ್ಟ ಚೀಲ, ನೀರು ಒಳಹೋಗದ ಕವರ್, ತುಂಬಿಸಿಕೊಳ್ಳುವ ನೀರಿನ ಬಾಟಲಿ, ಹವಳ ಕೊಯ್ಯದಂಥ ರಬ್ಬರ್ ಪಾದರಕ್ಷೆ, ಟೋಪಿ. ನಗದು ಇಟ್ಟುಕೊಳ್ಳಿ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿಯ ಆಪ್ಟಿಕಲ್ ಫೈಬರ್ ಬಂದ ಮೇಲೆ ದ್ವೀಪಗಳಲ್ಲಿ ಇಂಟರ್‌ನೆಟ್ ಸುಧಾರಿಸಿದೆ, ನಡುಗಡಲಿನಲ್ಲಿ ಮಾತ್ರ ಫೋನು ಮೂಕ. ಮನೆಯವರಿಗೆ ಮೊದಲೇ ತಿಳಿಸಿಬಿಡಿ, ಇಲ್ಲದಿದ್ದರೆ ಅವರು ಗಾಬರಿಯಾಗುತ್ತಾರೆ. ಮದ್ಯ ಒಯ್ಯುವಂತಿಲ್ಲ, ನೀವು ಹೋಗುವ ಮೂರೂ ದ್ವೀಪಗಳಲ್ಲಿ ಅದಕ್ಕೆ ನಿಷೇಧವಿದೆ.

ಹೊಟ್ಟೆ ತೊಳಸುವವರು ವೈದ್ಯರನ್ನು ಕೇಳಿ ಮಾತ್ರೆ ತಂದಿಟ್ಟುಕೊಳ್ಳಿ. ಅದನ್ನು ನುಂಗಬೇಕಾದದ್ದು ಹಡಗು ಹೊರಡುವ ಮುಂಚೆ, ಸಂಕಟ ಶುರುವಾದ ಮೇಲೆ ಅದರ ಉಪಯೋಗ ಕಡಿಮೆ. ಖಾಲಿ ಹೊಟ್ಟೆಯಲ್ಲಿ ಇರಬೇಡಿ, ತೀರಾ ಬಿರಿಯುವಷ್ಟೂ ಬೇಡ. ತಲೆ ಸುತ್ತಿದರೆ ಕ್ಯಾಬಿನ್‌ನಲ್ಲಿ ಫೋನು ನೋಡುತ್ತಾ ಮಲಗದೆ ಡೆಕ್ಕಿಗೆ ಬಂದು ಆಕಾಶ ಕಡಲು ಕೂಡುವ ಗೆರೆಯನ್ನು ನೋಡುತ್ತಾ ನಿಲ್ಲಿ. ಹಡಗಿನ ನಡುಭಾಗ, ಕೆಳ ಅಂತಸ್ತು ಕಡಿಮೆ ತೂಗುತ್ತದೆ.

6. ಹಡಗಿನಿಂದ ದೋಣಿಗೆ

ಇಡೀ ಪ್ರವಾಸದಲ್ಲಿ ನಿಜಕ್ಕೂ ಎಚ್ಚರ ಬೇಡುವ ಗಳಿಗೆ ಇದು. ದ್ವೀಪದ ಸುತ್ತ ಹವಳದ ದಿಬ್ಬ ಇರುವುದರಿಂದ ದೊಡ್ಡ ಹಡಗು ಹೊರಗೇ ಲಂಗರು ಹಾಕುತ್ತದೆ. ಹಡಗಿನ ಪಕ್ಕೆಯ ಬಾಗಿಲು ತೆರೆದು, ಕೆಳಗೆ ಅಲೆಯೊಂದಿಗೆ ಏರಿಳಿಯುತ್ತಿರುವ ಸಣ್ಣ ದೋಣಿಗೆ ಒಬ್ಬೊಬ್ಬರನ್ನೇ ದಾಟಿಸುತ್ತಾರೆ. ದೋಣಿ ಮೇಲೆ ಬಂದ ಕ್ಷಣದಲ್ಲಿ ಕಾಲಿಡಬೇಕು. ಯಾವ ಕ್ಷಣ ಎಂದು ನೀವು ತೀರ್ಮಾನಿಸಬೇಡಿ. ಅಲ್ಲಿ ನಿಂತ ನಾವಿಕರು ಇದನ್ನೇ ಬದುಕಾಗಿ ಮಾಡಿಕೊಂಡವರು. ಅವರು ತೋಳು ಹಿಡಿಯಲಿ, ‘ಬನ್ನಿ’ ಎಂದಾಗ ಹೆಜ್ಜೆ ಹಾಕಿ, ‘ನಿಲ್ಲಿ’ ಎಂದರೆ ನಿಲ್ಲಿ. ಕೈಯಲ್ಲಿ ಫೋನು, ಹೆಗಲಲ್ಲಿ ಜೋಲಾಡುವ ಕ್ಯಾಮೆರಾ ಬೇಡವೇ ಬೇಡ. ಲೈಫ್ ಜಾಕೆಟ್‌ನ ಪಟ್ಟಿ ಬಿಗಿಯಾಗಿರಲಿ. ಮಂಡಿ ನೋವಿರುವವರು, ತೂಕ ಹೆಚ್ಚಿರುವವರು, ವಯಸ್ಸಾದವರು ಇದೊಂದನ್ನು ತಿಳಿದೇ ಬುಕ್ ಮಾಡಬೇಕು. ದ್ವೀಪದ ಅಜ್ಜಿಯರು, ಕೂಸು ಎತ್ತಿಕೊಂಡ ತಾಯಂದಿರು ಹೀಗೇ ದಾಟುವುದನ್ನು ನೋಡಿದರೆ ಈ ಜನ ದಿನನಿತ್ಯ ಎಷ್ಟನ್ನು ಸಹಿಸಿ ಬದುಕುತ್ತಾರೆ ಎಂಬುದು ಅರ್ಥವಾಗುತ್ತದೆ.

7. ಮೂರು ದ್ವೀಪ, ಮೂರು ಬಗೆಯ ಹಗಲು

ಮೂರರಲ್ಲೂ ಬರೀ ಕಡಲತೀರದಲ್ಲಿ ಹೊರಳಾಡಿ ಬರುವವರು ಇದ್ದಾರೆ. ಹಾಗೆ ಮಾಡಬೇಡಿ ಎಂದು ಬೇಡಿಕೊಳ್ಳುತ್ತೇನೆ.

ಕವರತ್ತಿ ರಾಜಧಾನಿ, ಕೊಚ್ಚಿಯಿಂದ 404 ಕಿಲೋಮೀಟರ್. ಉಜ್ರಾ ಮಸೀದಿಯ ಮರದ ಕೆತ್ತನೆ ನೋಡಿ, ಒಳಗೆ ಹೋಗುವ ಮೊದಲು ಅನುಮತಿ ಕೇಳಿ. ಕಡಲಜೀವಿಗಳ ಅಕ್ವೇರಿಯಂ ಇದೆ. ಇಲ್ಲಿ 2005ರಲ್ಲಿ ಆರಂಭವಾದ ನೀರಿನ ಘಟಕದ ಬಗ್ಗೆ ಮಾರ್ಗದರ್ಶಕರನ್ನು ಕೇಳಿ ತಿಳಿಯಿರಿ. ಮೇಲ್ಮೈಯ ಬೆಚ್ಚನೆ ಸಮುದ್ರದ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಕಡಲಾಳದಿಂದ ಎಳೆದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸಿ, ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ತೆಗೆಯುವಂತೆ ಕಟ್ಟಿದ ಘಟಕ ಅದು. ಅದನ್ನು ತಿಳಿದ ಮೇಲೆ ನಲ್ಲಿ ಬಿಟ್ಟು ಸ್ನಾನ ಮಾಡಲು ಮನಸ್ಸು ಬರುವುದಿಲ್ಲ.

ಕಲ್ಪೇನಿಯದು ಲಗೂನಿನ, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ತಿಳಿನೀರಿನ ದಿನ. ತಿಲಕ್ಕಂ, ಪಿಟ್ಟಿ ಎಂಬ ಪುಟ್ಟ ನಡುಗಡ್ಡೆಗಳು ಅದೇ ತಿಳಿನೀರಿನ ಅಂಚಿನಲ್ಲಿವೆ. ದ್ವೀಪದ ಪೂರ್ವ ಮತ್ತು ದಕ್ಷಿಣ ದಂಡೆಯಲ್ಲಿ ಹವಳದ ಚೂರುಗಳ ದೊಡ್ಡ ದಿಬ್ಬ ಕಾಣುತ್ತದೆ. 1847ರ ಮಹಾ ಬಿರುಗಾಳಿ ಅದನ್ನು ಎತ್ತಿ ಹಾಕಿತು ಎನ್ನುತ್ತಾರೆ. ಸ್ನಾರ್ಕೆಲಿಂಗ್‌ಗೆ (ಮುಖಕ್ಕೆ ಮಾಸ್ಕ್, ಬಾಯಿಗೆ ಉಸಿರಿನ ಕೊಳವೆ ಹಾಕಿ ನೀರೊಳಗೆ ನೋಡುತ್ತಾ ಈಜುವುದು) ಒಬ್ಬರೇ ಇಳಿಯಬೇಡಿ. ಗುಂಪಿನಲ್ಲಿ ಯಾರನ್ನಾದರೂ ಜೋಡಿ ಮಾಡಿಕೊಂಡು, ಒಬ್ಬರು ಇನ್ನೊಬ್ಬರ ಮೇಲೆ ಕಣ್ಣಿಟ್ಟಿರಿ. ಈಜು ಬಾರದವರಿಗೆ ಗಾಜಿನ ತಳದ ದೋಣಿ ಇದೆ. ಹವಳದ ಮೇಲೆ ಕಾಲೂರಬೇಡಿ. 1998, 2010, 2016ರಲ್ಲಿ ಬಿಸಿಯೇರಿದ ಕಡಲಿನಿಂದ ಬಿಳಿಚಿಕೊಂಡ ಹವಳ 2024ರಲ್ಲಿ ಮತ್ತೊಮ್ಮೆ ದೊಡ್ಡ ಪೆಟ್ಟು ತಿಂದಿದೆ. ಉಳಿದದ್ದು ನಮ್ಮ ಪಾದಕ್ಕೆ ಮುರಿಯಬಾರದು.

ಮಿನಿಕಾಯ್‌ಗೆ ನಿಮ್ಮ ಶಕ್ತಿಯನ್ನೆಲ್ಲ ಉಳಿಸಿಟ್ಟುಕೊಳ್ಳಿ. ಉಳಿದ ದ್ವೀಪಗಳ ಜನ ಮಲಯಾಳಂನ ಒಂದು ಬಗೆಯನ್ನು ಆಡಿದರೆ ಇಲ್ಲಿ ಮಾಲ್ಡೀವ್ಸ್‌ನ ದಿವೇಹಿಗೆ ಸೇರಿದ ಮಹಲ್ ಭಾಷೆ, ಬಲದಿಂದ ಎಡಕ್ಕೆ ಬರೆಯುವ ತಾನಾ ಲಿಪಿ. ಊರು ‘ಅವಾ’ ಎಂಬ ಕೇರಿಗಳಾಗಿ ಹಂಚಿಹೋಗಿದೆ. ಪ್ರತಿ ಕೇರಿಗೂ ಮುಖ್ಯಸ್ಥರಿದ್ದಾರೆ, ಹೆಂಗಸರಿಗೂ ತಮ್ಮದೇ ಮುಖ್ಯಸ್ಥೆ. ಇಲ್ಲಿನವರು ಟ್ಯೂನಾ ಮೀನನ್ನು ಬಲೆಯಿಂದ ಬಾಚುವುದಿಲ್ಲ. ಜೀವಂತ ಸಣ್ಣ ಮೀನು ಎರಚಿ, ನೀರು ಚಿಮುಕಿಸಿ, ಗಾಳದ ಕೋಲಿನಿಂದ ಒಂದೊಂದನ್ನೇ ಎಳೆಯುತ್ತಾರೆ. ಬೇಯಿಸಿ, ಹೊಗೆಯಾಡಿಸಿ ಒಣಗಿಸಿದ್ದು ‘ಮಾಸ್’. 1885ರ ದೀಪಸ್ತಂಭ ಹತ್ತಲು ಬಿಟ್ಟರೆ ಬಿಡಬೇಡಿ. ಬಿಲ್ಲಿನಂತೆ ಬಾಗಿದ ದ್ವೀಪದ ಆಕಾರ ಮೇಲಿನಿಂದಲೇ ಕಾಣಬೇಕು.

ಕರಾವಳಿಯಿಂದ ಹೋದವರಿಗೆ ಮಾತಿಗೊಂದು ಎಳೆ ಸುಲಭವಾಗಿ ಸಿಗುತ್ತದೆ. ದ್ವೀಪಗಳಲ್ಲಿ ಆಸ್ತಿ, ಮನೆತನ ತಾಯಿಯ ಕಡೆಯಿಂದ ಹರಿದುಬಂದ ಪದ್ಧತಿ, ನಮ್ಮ ಅಳಿಯಸಂತಾನದ ಹಾಗೆಯೇ. ಮನೆಯ ಬಗ್ಗೆ ಕೇಳಿದರೆ ಅಲ್ಲಿನ ಹೆಂಗಸರು ಅಧಿಕಾರದಿಂದ ಮಾತಾಡುತ್ತಾರೆ. ಫೋಟೊ ತೆಗೆಯುವ ಮೊದಲು ಕೇಳಿ. ಈಜುಡುಗೆ ಪ್ರವಾಸಿ ತೀರದಲ್ಲಿ ಮಾತ್ರ, ಊರೊಳಗೆ ಮೈತುಂಬ ಬಟ್ಟೆ.

8. ಗುಂಪಿನೊಳಗೆ ಒಬ್ಬರಾಗಿರುವುದು

ಮೊದಲ ಸಂಜೆಯ ಊಟದಲ್ಲಿ ನೀವೇ ಮುಂದಾಗಿ ಒಂದು ಮೇಜಿಗೆ ಹೋಗಿ ಕುಳಿತುಬಿಡಿ. ಎರಡನೆಯ ದಿನದ ಹೊತ್ತಿಗೆ ಗುಂಪುಗಳು ಗಟ್ಟಿಯಾಗಿಬಿಡುತ್ತವೆ, ಆಮೇಲೆ ಹೊಕ್ಕುವುದು ಕಷ್ಟ. ಮಾತು ಸಾಕೆನಿಸಿದರೆ ಹೇಳಿ ಎದ್ದುಬರಬಹುದು. ಒಬ್ಬರೇ ಬಂದದ್ದರ ಸುಖ ಅದೇ, ಯಾರೂ ಬೇಸರಿಸಿಕೊಳ್ಳುವುದಿಲ್ಲ. ದ್ವೀಪಕ್ಕೆ ಇಳಿದಾಗ ಗುಂಪು ಬಿಟ್ಟು ಅಡ್ಡಾಡಲು ಹೋಗುವುದಾದರೆ ಯಾವ ದೋಣಿಗೆ ಮರಳುತ್ತೀರೆಂದು ಮಾರ್ಗದರ್ಶಕರ ಬಳಿ ಹೇಳಿಯೇ ಹೋಗಿ. ನಿಮ್ಮ ಗೈರುಹಾಜರಿ ಗಮನಿಸಲು ಪಕ್ಕದಲ್ಲಿ ಮನೆಯವರಿಲ್ಲ. ತುರ್ತು ಸಂಪರ್ಕದ ನಂಬರನ್ನೂ ನಿಮ್ಮ ಕಾಯಿಲೆ, ಮಾತ್ರೆಗಳ ವಿವರವನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನ್‌ನ ಜೊತೆಗಾರರಿಗೆ ಕೊಡಿ.

9. ಮರಳುವಾಗ

ಕೊಂಡು ತರುವುದಾದರೆ ಮಾಸ್, ಟ್ಯೂನಾ ಉಪ್ಪಿನಕಾಯಿ, ತೆಂಗಿನ ತಿನಿಸು. ದಡದಲ್ಲಿ ಸತ್ತು ಬಿದ್ದ ಹವಳದ ತುಂಡನ್ನೂ ಚೀಲಕ್ಕೆ ಹಾಕಬೇಡಿ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ತಪಾಸಣೆಯಲ್ಲಿ ಸಿಕ್ಕರೆ ಕೇಸು. ಪ್ಲಾಸ್ಟಿಕ್ ಕಸವನ್ನು ದ್ವೀಪದಲ್ಲಿ ಬಿಡದೆ ಕೊಚ್ಚಿಗೆ ವಾಪಸ್ ತನ್ನಿ. ಊರಿಗೆ ಮರಳುವ ರೈಲನ್ನು ಹಡಗು ಮುಟ್ಟುವ ದಿನಕ್ಕೆ ಬುಕ್ ಮಾಡದೆ ಮಾರನೆಯ ದಿನಕ್ಕೆ ಮಾಡಿ. ಗಾಳಿ ಕೆಟ್ಟರೆ ಹಡಗು ತಡವಾಗುತ್ತದೆ.