ಹಳೆಯ ಹ್ಯಾಂಡ್‌ಹೆಲ್ಡ್ ಗೇಮ್ ಕನ್ಸೋಲ್ ಕೊಳ್ಳುವ ಮುನ್ನ: ಯಾವ ದೋಷಕ್ಕೆ ಮದ್ದುಂಟು, ಯಾವುದಕ್ಕಿಲ್ಲ

ಬಳಸಿದ ಕನ್ಸೋಲನ್ನು ಕೈಗೆತ್ತಿಕೊಂಡಾಗ ಕಣ್ಣು ಮೊದಲು ಹೋಗುವುದು ಮೈಮೇಲಿನ ಗೀರುಗಳ ಕಡೆಗೆ. ಅವುಗಳಿಗೆ ಹೆದರಬೇಡಿ. ಹೊರಕವಚ, ಬಟನ್ ಕೆಳಗಿನ ರಬ್ಬರ್, ಬ್ಯಾಟರಿ ಇವೆಲ್ಲ ಬಿಡಿಭಾಗಗಳಾಗಿ ಸಿಗುತ್ತವೆ. ಕೈಪಳಗಿದವರು ಮನೆಯಲ್ಲೇ ಬದಲಿಸುತ್ತಾರೆ. ಕಲೆ ಕೂತ ಒಎಲ್ಇಡಿ (ಪ್ರತಿ ಚುಕ್ಕೆಯೂ ತಾನೇ ಬೆಳಗುವ) ಪರದೆ, ನೀರು ಹೊಕ್ಕ ಬೋರ್ಡ್, ಆನ್‌ಲೈನ್ ಸೇವೆಯಿಂದ ನಿಷೇಧಕ್ಕೊಳಗಾದ ಯಂತ್ರ, ಈ ಮೂರರ ಮೇಲೆ ಮಾತ್ರ ಹಣ ಸುರಿಯಬೇಡಿ. ಮುಂದಿನ ಪರೀಕ್ಷೆಯೆಲ್ಲ ಈ ಎರಡು ಬಗೆಯ ದೋಷಗಳನ್ನು ಬೇರ್ಪಡಿಸುವುದಕ್ಕೇ.

ಯಾವ ಮಾದರಿ?

ಆಡಬೇಕೆಂದಿರುವ ಆಟಗಳನ್ನು ಮೊದಲು ಬರೆದಿಟ್ಟುಕೊಳ್ಳಿ, ಯಂತ್ರ ಆಮೇಲೆ.

ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಅಡ್ವಾನ್ಸ್ ಆಟಗಳಷ್ಟೇ ಸಾಕೆಂದರೆ ಅದೇ ಕಂಪನಿಯ 2006ರ ಡಿಎಸ್ ಲೈಟ್ ಒಳ್ಳೆಯ ಆಯ್ಕೆ. ಅದರಲ್ಲಿ ಡಿಎಸ್ ಆಟಗಳೂ ನಡೆಯುತ್ತವೆ, ಪರದೆಯೂ ಬೆಳಕಾಗಿದೆ. ಆದರೆ ಅದಕ್ಕೂ ಹಿಂದಿನ ಗೇಮ್ ಬಾಯ್, ಗೇಮ್ ಬಾಯ್ ಕಲರ್ ಕಾರ್ಟ್ರಿಜ್‌ಗಳು ಅದರಲ್ಲಿ ಓಡುವುದಿಲ್ಲ. ಅವೂ ಬೇಕಿದ್ದರೆ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ನೋಡಿ. ಎಸ್‌ಪಿಯಲ್ಲಿ ಎರಡು ಬಗೆ: ಎಜಿಎಸ್-001ಕ್ಕೆ ಬೆಳಕು ಪರದೆಯ ಮುಂಭಾಗದಿಂದ ಬೀಳುತ್ತದೆ, ಬಣ್ಣ ಮಾಸಿದಂತೆ ಕಾಣುತ್ತದೆ, ಎಜಿಎಸ್-101ಕ್ಕೆ ಹಿಂಬದಿಯಿಂದ ಬರುತ್ತದೆ, ಚಿತ್ರ ಎದ್ದು ಕಾಣುತ್ತದೆ. ಹಿಂಬದಿಯ ಲೇಬಲ್ ಒಂದನ್ನೇ ನಂಬಬೇಡಿ, ಕವಚ ಬದಲಾಗಿರಬಹುದು. ಪರದೆಯ ಕೆಳಗಿನ ಬೆಳಕಿನ ಬಟನ್ ಒತ್ತಿ. ಬೆಳಕು ಪೂರ್ತಿ ಆರಿದರೆ ಅದು 001. ಹೆಚ್ಚು, ಕಡಿಮೆ ಎಂಬ ಎರಡೇ ಹಂತಗಳ ನಡುವೆ ಬದಲಾದರೆ 101. ಎಸ್‌ಪಿಯಲ್ಲಿ ಮಾಮೂಲಿ ಇಯರ್‌ಫೋನ್ ಜ್ಯಾಕ್ ಇಲ್ಲ ಎಂಬುದೂ ನೆನಪಿರಲಿ.

ನಿಂಟೆಂಡೊದ 3ಡಿಎಸ್ ವಿಷಯದಲ್ಲಿ ಎರಡು ಎಚ್ಚರ. ಒಂದು, ಅದರ ಆಟಗಳಿಗೆ ಪ್ರದೇಶದ ಬೀಗವಿದೆ: ಜಪಾನಿನ ಯಂತ್ರದಲ್ಲಿ ಅಮೆರಿಕದ ಕಾರ್ಡ್ ನಡೆಯದು. ಎರಡು, ಅದರ ಆನ್‌ಲೈನ್ ಅಂಗಡಿಯಾದ ಇ-ಶಾಪ್‌ನಲ್ಲಿ ಖರೀದಿ 2023ರ ಮಾರ್ಚ್ 27ಕ್ಕೆ ನಿಂತಿದೆ, ಆದ್ದರಿಂದ ಆಟಗಳನ್ನು ಕಾರ್ಡ್ ರೂಪದಲ್ಲೇ ಹುಡುಕಬೇಕು. ‘ನ್ಯೂ’ ಹೆಸರಿನ ಮಾದರಿಗಳಲ್ಲಿ ಪ್ರೊಸೆಸರ್ ವೇಗವಾಗಿದೆ, ಇನ್ನೆರಡು ಭುಜದ ಬಟನ್‌ಗಳಿವೆ. ತುಸು ಹೆಚ್ಚು ಕೊಟ್ಟರೂ ಅವೇ ಮೇಲು.

ಸೋನಿಯ ಪಿಎಸ್‌ಪಿಯಲ್ಲಿ 2000 ಅಥವಾ 3000 ಮಾದರಿ ತೆಗೆದುಕೊಳ್ಳಿ. 1000ದಲ್ಲಿ ಮೆಮೊರಿ 32 ಎಂಬಿ, ಇವುಗಳಲ್ಲಿ 64. ಪಿಎಸ್‌ಪಿ ಗೋಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ, ಇ1000ಕ್ಕೆ ವೈಫೈ ಇಲ್ಲ. ಸೋನಿಯದೇ ಆದ ವೀಟಾದಲ್ಲಿ ಆಯ್ಕೆ ಕಷ್ಟ. 1000ಕ್ಕೆ ಒಎಲ್ಇಡಿ ಪರದೆ, ಚಾರ್ಜಿಂಗ್‌ಗೆ ಅದರದೇ ಬೇರೆ ಕೇಬಲ್. 2000ಕ್ಕೆ ಎಲ್‌ಸಿಡಿ, ಆದರೆ ಮೈಕ್ರೊ ಯುಎಸ್‌ಬಿ ಮತ್ತು 1 ಜಿಬಿ ಒಳಸಂಗ್ರಹ. ಎರಡಕ್ಕೂ ಸೋನಿಯದೇ ಮೆಮೊರಿ ಕಾರ್ಡ್ ಬೇಕು, ಅದು ದುಬಾರಿ. ಕಾರ್ಡ್ ಸಮೇತ ಮಾರುವವರನ್ನೇ ಹುಡುಕಿ.

ನಿಂಟೆಂಡೊ ಸ್ವಿಚ್‌ನ ಪೆಟ್ಟಿಗೆ ನೋಡಿ ಮೋಸ ಹೋಗಬೇಡಿ, ಯಂತ್ರದ ಮೇಲಿನ ಕ್ರಮಸಂಖ್ಯೆ ಓದಿ. ಎಕ್ಸ್‌ಎಡಬ್ಲ್ಯೂ ಎಂದು ಶುರುವಾದರೆ 2017ರ ಮೊದಲ ಮಾದರಿ, ಬ್ಯಾಟರಿ ಸುಮಾರು 2.5ರಿಂದ 6.5 ಗಂಟೆ. ಎಕ್ಸ್‌ಕೆಡಬ್ಲ್ಯೂ ಇದ್ದರೆ 2019ರದ್ದು, 4.5ರಿಂದ 9 ಗಂಟೆ. ಸ್ವಿಚ್ ಲೈಟ್ ಮಾದರಿಯನ್ನು ಟಿವಿಗೆ ಜೋಡಿಸಲಾಗದು, ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್ ಕೆಟ್ಟರೆ ಇಡೀ ಯಂತ್ರವನ್ನೇ ಬಿಚ್ಚಬೇಕು. ಪಿಸಿ ಆಟಗಳ ಕನ್ಸೋಲ್ ಆದ ಸ್ಟೀಮ್ ಡೆಕ್‌ನಲ್ಲಿ 2022ರ ಎಲ್‌ಸಿಡಿಗೆ 40 ವ್ಯಾಟ್-ಅವರ್ ಬ್ಯಾಟರಿ, 2023ರ ಒಎಲ್ಇಡಿಗೆ 50. ಎಲ್‌ಸಿಡಿಯಲ್ಲಿ ಕಡಿಮೆ ಸಂಗ್ರಹದ್ದು ಸಿಕ್ಕರೂ ಚಿಂತೆಯಿಲ್ಲ, 2230 ಅಳತೆಯ ಎಸ್‌ಎಸ್‌ಡಿ ಹಾಕಿ ಹೆಚ್ಚಿಸಬಹುದು. ಬಿಚ್ಚುವ ಮುನ್ನ ಮೈಕ್ರೊ ಎಸ್‌ಡಿ ಕಾರ್ಡ್ ಹೊರತೆಗೆಯಲೇಬೇಕು, ಮರೆತರೆ ಕವಚ ಎಳೆದಾಗ ಕಾರ್ಡ್ ಎರಡು ತುಂಡಾಗುತ್ತದೆ.

ಕೈಯಲ್ಲಿ ಹಿಡಿದು ನೋಡುವುದು

ಜೊತೆಗೆ ಒಯ್ಯಬೇಕಾದ್ದು ಇಷ್ಟು: ಕೆಲಸ ಮಾಡುವ ಒಂದು ಗೇಮ್ ಕಾರ್ಡ್, ಮೆಮೊರಿ ಕಾರ್ಡ್, ಚಾರ್ಜರ್, ಇಯರ್‌ಫೋನ್, ಸಣ್ಣ ಟಾರ್ಚ್. ಇಪ್ಪತ್ತು ನಿಮಿಷ ಬಿಡುವು ಕೇಳಿ. “ಚಾರ್ಜ್ ಇಲ್ಲ ಅಷ್ಟೇ, ಯಂತ್ರ ಚೆನ್ನಾಗಿದೆ” ಎಂದರೆ ಬ್ಯಾಟರಿ ಉಬ್ಬಿಲ್ಲವೆಂದು ನೋಡಿಕೊಂಡು ಚಾರ್ಜರ್ ಹಾಕಿ ಕಾಯಿರಿ. ಆನ್ ಆಗದ ಯಂತ್ರವನ್ನು ಕೆಟ್ಟದ್ದೆಂದೇ ಲೆಕ್ಕ ಹಿಡಿದು ಬೆಲೆ ಮಾತಾಡಿ.

ಮೊದಲು ಯಂತ್ರವನ್ನು ಆಫ್ ಮಾಡಿ ಸಮತಟ್ಟಾದ ಮೇಜಿನ ಮೇಲೆ ಇಡಿ. ಅಲುಗಾಡಿದರೆ, ಪರದೆಯ ಅಂಚು ಮೇಲೆದ್ದಿದ್ದರೆ, ಪಿಎಸ್‌ಪಿಯ ಬ್ಯಾಟರಿ ಮುಚ್ಚಳ ಕೂರದಿದ್ದರೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಹೆಚ್ಚು. ಅದನ್ನು ಒತ್ತಬೇಡಿ, ಚಾರ್ಜ್‌ಗೂ ಹಾಕಬೇಡಿ. ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ, ಯಾಕೆಂದು ಕೇಳಿ. ಟಾರ್ಚ್ ಬೆಳಕಲ್ಲಿ ಕಾರ್ಡ್ ಕಿಂಡಿಯ ಪಿನ್‌ಗಳನ್ನು ನೋಡಿ. ಧೂಳಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿ ಸಾಕು. ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ ತೇವ ಒಳಹೊಕ್ಕಿದೆ. ಅಲ್ಲಿಗೆ ಬಿಟ್ಟುಬಿಡಿ.

ಮಡಚುವ ಯಂತ್ರಗಳಲ್ಲಿ ಹಿಂಜ್ (ಮಡಚುವ ಕೀಲು) ಮುಖ್ಯ. ಡಿಎಸ್ ಲೈಟ್ ಬಿರುಕು ಬಿಡುವುದು ಹೆಚ್ಚಾಗಿ ಬಲಗಡೆ. ಆನ್ ಮಾಡಿ ಮುಚ್ಚಳವನ್ನು ನಿಧಾನವಾಗಿ ಆಚೀಚೆ ಆಡಿಸಿ. ಮೇಲಿನ ಪರದೆ ಮಿನುಗಿದರೆ, ಬಣ್ಣ ಕದಡಿದರೆ, ಹಿಂಜ್ ಒಳಗೆ ಹಾಯುವ ರಿಬ್ಬನ್ ಕೇಬಲ್ ಸವೆದಿದೆ. ಆ ರಿಪೇರಿ ಸಾಧ್ಯ, ಆದರೆ ಹೊಸಬರ ಕೈಗಲ್ಲ.

ಪರದೆಯಲ್ಲಿ ಪೂರ್ತಿ ಬಿಳಿ, ಪೂರ್ತಿ ಬೂದು, ಪೂರ್ತಿ ಕಪ್ಪು ಚಿತ್ರ ತೋರಿಸಿ. ಬಿಳಿ, ಬೂದಿನಲ್ಲಿ ಹಳೆಯ ಮೆನುವಿನ ನೆರಳು ಕಂಡರೆ ಅದು ಒಎಲ್ಇಡಿಯ ಶಾಶ್ವತ ಕಲೆ. ಕಪ್ಪಿನಲ್ಲಿ ವೀಟಾ 1000 ತುಸು ಮಚ್ಚೆಮಚ್ಚೆಯಾಗಿ ಕಾಣುವುದು ಸಾಮಾನ್ಯ, ಅದನ್ನು ಕಲೆಯೆಂದುಕೊಳ್ಳಬೇಡಿ.

ಸ್ವಿಚ್‌ನ ಸ್ಟಿಕ್ ನೋಡಲು ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಸ್ಟಿಕ್ ಕ್ಯಾಲಿಬ್ರೇಟ್ ಮಾಡುವ (ನಡುಬಿಂದು ಸರಿಪಡಿಸುವ) ಪುಟ ತೆರೆಯಿರಿ. ಸ್ಟಿಕ್ಕನ್ನು ಒಂದು ಸುತ್ತು ಪೂರ್ತಿ ತಿರುಗಿಸಿ ಥಟ್ಟನೆ ಬಿಡಿ. ಗುರುತು ನಡುವಿಗೆ ಬಂದು ನಿಲ್ಲಬೇಕು. ಹತ್ತು ಬಾರಿ ಮಾಡಿ, ಒಮ್ಮೆ ಸರಿಬಂದರೆ ಸಾಲದು. ಒಳಗಿನ ಇಂಗಾಲದ ಪಟ್ಟಿ ಸವೆದಾಗ ಸ್ಟಿಕ್ ತಾನಾಗಿಯೇ ಒಂದು ಕಡೆಗೆ ಎಳೆಯುತ್ತದೆ. ಕ್ಯಾಲಿಬ್ರೇಟ್ ಮಾಡಿದರೆ ಅದು ಕೆಲ ದಿನ ಅಡಗಿರಬಹುದು, ಗುಣವಾಗದು. ಸ್ಟಿಕ್ ಬದಲಿಸಬಹುದಾದ ಭಾಗವಾದ್ದರಿಂದ ಬೆಲೆ ಇಳಿಸಲು ಇದು ನ್ಯಾಯವಾದ ಕಾರಣ. ಭುಜದ ಬಟನ್‌ಗಳನ್ನು ಅಂಚಿನಲ್ಲೂ ನಡುವಿನಲ್ಲೂ ಒತ್ತಿ ನೋಡಿ.

ಸ್ವಿಚ್ ಕೊಳ್ಳುವವರು ಹಣ ಕೊಡುವ ಮುನ್ನ ವೈಫೈಗೆ ಸೇರಿಸಿ ಇ-ಶಾಪ್ ತೆರೆಯಲೇಬೇಕು. 2124-4007 ಎಂಬ ದೋಷಸಂಖ್ಯೆ ಬಂದರೆ ಆ ಯಂತ್ರವೇ ನಿಷೇಧಗೊಂಡಿದೆ. ನಿಮ್ಮ ಖಾತೆ ಹಾಕಿದರೂ ತೆರೆಯದು. ಎಲ್ಲ ಸರಿಯಿದ್ದರೆ ಮಾರುವವರ ಕೈಯಿಂದಲೇ ಖಾತೆ ತೆಗೆಸಿ, ಯಂತ್ರವನ್ನು ಫ್ಯಾಕ್ಟರಿ ಸ್ಥಿತಿಗೆ ತರಿಸಿ. 3ಡಿಎಸ್ ಫಾರ್ಮ್ಯಾಟ್ ಮಾಡುವಾಗ ಇಂಟರ್‌ನೆಟ್ ಸಂಪರ್ಕ ಇರಲಿ, ಹಳೆಯ ಖಾತೆಯ ಕೊಂಡಿ ಕಳಚುವುದು ಆಗಲೇ.

ಜೊತೆಗೆ ಅಡ್ವಾನ್ಸ್ ಕಾರ್ಟ್ರಿಜ್ ಕೊಟ್ಟರೆ ಅದರ ಪಿನ್‌ಗಳ ಮೇಲಿನ ಅಂಚನ್ನು ಓರೆಯಾಗಿ ನೋಡಿ. ಅಸಲಿ ಬೋರ್ಡಿನ ಮೇಲೆ ನಿಂಟೆಂಡೊ ಹೆಸರು ಅಚ್ಚಾಗಿರುತ್ತದೆ. ಆಟವನ್ನು ಸೇವ್ ಮಾಡಿ, ಯಂತ್ರ ಆಫ್ ಮಾಡಿ, ಮತ್ತೆ ಆನ್ ಮಾಡಿ. ಸೇವ್ ಉಳಿದಿದ್ದರೆ ಮಾತ್ರ ಕಾರ್ಟ್ರಿಜ್‌ಗೆ ಬೆಲೆ ಕಟ್ಟಿ.